ವ್ಯವಹಾರ ತಂತ್ರಾಂಶದ ಆಯ್ಕೆ ಮತ್ತು ಲೆಕ್ಕದ ಸತ್ಯ

ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರದ ಹೊಣೆಯನ್ನು ಹೊತ್ತಿದ್ದ ಬಸವಣ್ಣನವರ ಮೇಲೆ ಒಮ್ಮೆ ದೂರು ಬಂದಿತೆಂದು ನಮ್ಮ ಪುರಾಣಕಾವ್ಯಗಳು ಹೇಳುತ್ತವೆ. ಅರಸನ ದ್ರವ್ಯವನ್ನು ಅವರು ಜಂಗಮರಿಗಾಗಿ ವೆಚ್ಚ ಮಾಡುತ್ತಿದ್ದಾರೆಂಬುದೇ ಆ ದೂರು. ಅರಸನು ಲೆಕ್ಕ ಕೇಳಿದನು. ಭಂಡಾರವನ್ನು ಎಣಿಸಿ ನೋಡಿದಾಗ ಕೊರತೆ ಕಾಣಲಿಲ್ಲ. ಭಕ್ತರು ಈ ಪ್ರಸಂಗವನ್ನು ಪವಾಡವೆಂದು ಓದುವರು. ಲೆಕ್ಕ ಬರೆಯುವ ಕಾಯಕದವರು ಇದರಲ್ಲಿ ಇನ್ನೊಂದು ಅರ್ಥವನ್ನೂ ಕಾಣಬಹುದಾಗಿದೆ. ದೂರು ಬಂದಾಗ ಭಂಡಾರವನ್ನು ತೆರೆದು, ಎಲ್ಲರ ಸಮಕ್ಷಮದಲ್ಲಿ ಎಣಿಸಿ ನೋಡುವ ಅವಕಾಶ ಅಲ್ಲಿ ಇದ್ದಿತು. ಅಂತಹ ಅವಕಾಶವೇ ಇಲ್ಲದಿದ್ದಲ್ಲಿ ನಿರ್ದೋಷಿಯೂ ತನ್ನ ನಿರ್ದೋಷಿತ್ವವನ್ನು ತೋರಿಸಲಾರನು.

ಇಂದು ನಮ್ಮ ಭಂಡಾರಗಳ ಲೆಕ್ಕವೆಲ್ಲ ಗಣಕಯಂತ್ರದೊಳಗೆ ಸೇರಿದೆ. ಅಂಗಡಿ, ಗಿರಣಿ, ಸಹಕಾರ ಸಂಘ, ಶಾಲೆ, ಪ್ರಸಾದ ನಿಲಯ ಇವೆಲ್ಲವುಗಳ ಆಯವ್ಯಯವನ್ನು ತಂತ್ರಾಂಶವೇ ಕೂಡಿಸಿ ಕಳೆದು ತೋರಿಸುತ್ತದೆ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ವ್ಯಾಪಾರ ಉದ್ಯಮಗಳನ್ನು ನಡೆಸುವವರು ಹಲವರಿದ್ದಾರೆ; ದಾನಿಗಳಲ್ಲಿಯೂ ಹಲವರು ಅದೇ ವೃತ್ತಿಯವರು; ಅಧ್ಯಾಪಕರಾದರೋ ಸಂಸ್ಥೆಯ ಆಡಳಿತದಲ್ಲಿ ಪಾಲ್ಗೊಳ್ಳುವವರು. ಇವರೆಲ್ಲರಿಗೂ ಕೆಲವು ವರ್ಷಗಳಿಗೊಮ್ಮೆ ಒಂದು ಪ್ರಶ್ನೆ ಎದುರಾಗುತ್ತದೆ. ಹಳೆಯ ತಂತ್ರಾಂಶ ಸಾಲದೆ ಬಂದಿದೆ, ಹೊಸದನ್ನು ತರಬೇಕು, ಯಾವುದನ್ನು ತರಬೇಕು? ಅನೇಕ ವೇಳೆ ಈ ಪ್ರಶ್ನೆಯನ್ನು ಬೆಲೆಪಟ್ಟಿಯೊಂದೇ ತೀರ್ಮಾನಿಸಿಬಿಡುತ್ತದೆ. ಇಲ್ಲವೇ ಮಾರಾಟಗಾರನು ಪರದೆಯ ಮೇಲೆ ತೋರಿಸುವ ಬಣ್ಣಬಣ್ಣದ ನಕ್ಷೆಗಳು ತೀರ್ಮಾನಿಸುತ್ತವೆ. ಈ ಎರಡರಿಂದಲೂ ಒದಗಿದ ಹಾನಿಯ ನಿದರ್ಶನಗಳು ಜಗತ್ತಿನಲ್ಲಿ ಸಾಕಷ್ಟಿವೆ. ಅವುಗಳಲ್ಲಿ ಕೆಲವನ್ನು ಮುಂದಿಟ್ಟುಕೊಂಡು, ಆಯ್ಕೆಗೆ ಮುನ್ನ ವಿಚಾರಿಸಬೇಕಾದ ಸಂಗತಿಗಳನ್ನು ವಿವರಿಸುವುದು ಈ ಲೇಖನದ ಉದ್ದೇಶವಾಗಿದೆ.

ಕಡತದಿಂದ ಗಣಕಕ್ಕೆ

ಇಂದು ನಾವು ಕಚೇರಿಯ ಕಾಗದಪತ್ರಗಳ ಕಟ್ಟಿಗೆ ‘ಕಡತ’ ಎನ್ನುತ್ತೇವೆ. ಈ ಮಾತು ಮೂಲತಃ ಒಂದು ಬಗೆಯ ಬಟ್ಟೆಯ ಪುಸ್ತಕಕ್ಕೆ ಸಲ್ಲುತ್ತಿತ್ತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಬೆರೆಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಮಠಗಳಲ್ಲಿ, ಶಾನುಭೋಗರ ಮನೆಗಳಲ್ಲಿ, ವರ್ತಕರ ಅಂಗಡಿಗಳಲ್ಲಿ ಇಂತಹ ಕಡತಗಳು ಬಳಕೆಯಲ್ಲಿದ್ದವು. ಶೃಂಗೇರಿ ಮಠದ ಕಡತಗಳು ಇತಿಹಾಸ ಸಂಶೋಧಕರಿಗೆ ಆಕರವಾಗಿರುವುದುಂಟು. ಕಡತದ ಅನುಕೂಲವೆಂದರೆ ಬರೆದುದನ್ನು ಒರಸಿ ಮತ್ತೆ ಬರೆಯಬಹುದಾಗಿತ್ತು. ಅದರ ದೋಷವೂ ಅದೇ ಆಗಿದ್ದಿತು. ಮುಂದೆ ಕಾಗದದ ಮೇಲೆ ಮಸಿಯಿಂದ ಬರೆಯುವ ಕಿರ್ದಿ ಖಾತೆ ಪುಸ್ತಕಗಳು ಬಂದಾಗ, ತಪ್ಪಾದ ಅಂಕಿಯನ್ನು ಒರಸದೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ರುಜು ಹಾಕುವ ಶಿಸ್ತು ಬೆಳೆಯಿತು. ತಪ್ಪು ಯಾವುದು, ತಿದ್ದಿದವರಾರು ಎಂಬುದು ಅದರಿಂದ ಎಂದೆಂದಿಗೂ ಕಾಣುವಂತಾಯಿತು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಲೇಖನದ ಕೊನೆಯಲ್ಲಿ ಇದರ ಪ್ರಯೋಜನವಿದೆ.

ಜಮಾ ಮತ್ತು ಖರ್ಚು ಎರಡನ್ನೂ ಪ್ರತಿಯೊಂದು ವ್ಯವಹಾರಕ್ಕೂ ಬರೆದು ಕೊನೆಗೆ ತಾಳೆ ನೋಡುವ ದ್ವಿನಮೂದು ಪದ್ಧತಿಯನ್ನು ಇಟಲಿಯ ಲೂಕಾ ಪಚೋಲಿ ಎಂಬ ಗಣಿತಜ್ಞನು ೧೪೯೪ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವಿವರಿಸಿದನು. ಇಂದಿನ ತಂತ್ರಾಂಶಗಳ ಒಳಗೂ ಕೆಲಸ ಮಾಡುತ್ತಿರುವುದು ಅದೇ ಪದ್ಧತಿ. ವ್ಯತ್ಯಾಸವಿಷ್ಟೇ: ಹಿಂದೆ ಮಾರಾಟದ ಪುಸ್ತಕ, ಸರಕಿನ ಪುಸ್ತಕ, ಸಂಬಳದ ಪುಸ್ತಕ, ನಗದು ಪುಸ್ತಕ ಬೇರೆಬೇರೆಯಾಗಿದ್ದವು, ಸಮಗ್ರ ವ್ಯವಹಾರ ತಂತ್ರಾಂಶವು ಅವೆಲ್ಲವನ್ನೂ ಒಂದೇ ಮಾಹಿತಿ ಕೋಶದಲ್ಲಿ ಇರಿಸುತ್ತದೆ. ಅಂಗಡಿಯಲ್ಲಿ ಒಂದು ಚೀಲ ಸಿಮೆಂಟು ಮಾರಾಟವಾದ ಕ್ಷಣವೇ ಸರಕಿನ ಲೆಕ್ಕದಲ್ಲಿ ಒಂದು ಚೀಲ ಇಳಿಯುತ್ತದೆ, ಗ್ರಾಹಕನ ಖಾತೆಗೆ ಬಾಕಿ ಏರುತ್ತದೆ, ತೆರಿಗೆಯ ಲೆಕ್ಕವೂ ಸಿದ್ಧವಾಗುತ್ತದೆ. ಒಮ್ಮೆ ಬರೆದುದು ಎಲ್ಲ ಕಡೆಯೂ ಸಲ್ಲುವುದು ಇದರ ದೊಡ್ಡ ಲಾಭ. ಒಮ್ಮೆ ತಪ್ಪಿದುದು ಎಲ್ಲ ಕಡೆಯೂ ತಪ್ಪುವುದು ಇದರ ದೊಡ್ಡ ಅಪಾಯ.

ನಮ್ಮ ನಾಡಿನಲ್ಲಿಯೇ ಹುಟ್ಟಿದ ಒಂದು ತಂತ್ರಾಂಶದ ವೃತ್ತಾಂತ ಇಲ್ಲಿ ಉಲ್ಲೇಖಾರ್ಹವಾಗಿದೆ. ಬೆಂಗಳೂರಿನಲ್ಲಿ ಶ್ಯಾಮಸುಂದರ ಗೋಯೆಂಕಾ ಅವರು ಕಾರ್ಖಾನೆಗಳಿಗೂ ಬಟ್ಟೆ ಗಿರಣಿಗಳಿಗೂ ಕಚ್ಚಾ ಸಾಮಗ್ರಿ ಮತ್ತು ಬಿಡಿಭಾಗಗಳನ್ನು ಒದಗಿಸುವ ವ್ಯಾಪಾರ ನಡೆಸುತ್ತಿದ್ದರು. ತಮ್ಮ ಲೆಕ್ಕಕ್ಕೆ ಒಗ್ಗುವ ತಂತ್ರಾಂಶ ಮಾರುಕಟ್ಟೆಯಲ್ಲಿ ದೊರೆಯದಿದ್ದಾಗ, ಗಣಿತ ಪದವೀಧರರಾದ ತಮ್ಮ ಪುತ್ರ ಭರತ್ ಗೋಯೆಂಕಾ ಅವರಿಗೆ ಅಂತಹದೊಂದನ್ನು ರಚಿಸುವಂತೆ ಹೇಳಿದರು. ೧೯೮೬ರಲ್ಲಿ ಹೀಗೆ ಆರಂಭವಾದ ಕಾರ್ಯವೇ ಮುಂದೆ ‘ಟ್ಯಾಲಿ’ ಎಂಬ ಹೆಸರಿನಿಂದ ದೇಶದ ಅಂಗಡಿ ಅಂಗಡಿಗೂ ತಲಪಿತು. ಭರತ್ ಗೋಯೆಂಕಾ ಅವರಿಗೆ ೨೦೨೦ರಲ್ಲಿ ಪದ್ಮಶ್ರೀ ಪ್ರಶಸ್ತಿ ಲಭಿಸಿತು. ಇದರಿಂದ ವ್ಯಕ್ತವಾಗುವುದೇನೆಂದರೆ, ಲೆಕ್ಕ ಬರೆಯುವವನ ಅಗತ್ಯದಿಂದ ಹುಟ್ಟಿದ ಉಪಕರಣವೇ ಲೆಕ್ಕ ಬರೆಯುವವನ ಕೈಗೆ ಒಗ್ಗುತ್ತದೆ. ಕೊಳ್ಳುವವನೂ ಅದೇ ಅಗತ್ಯದಿಂದಲೇ ಹೊರಡಬೇಕು.

ಮೊದಲು ತನ್ನ ಕೆಲಸವನ್ನು ಅರಿಯಬೇಕು

ಆಯ್ಕೆಯ ಮೊದಲ ಮೆಟ್ಟಿಲು ತಂತ್ರಾಂಶಗಳ ಪಟ್ಟಿಯಲ್ಲ. ತನ್ನ ಸಂಸ್ಥೆಯ ಕೆಲಸದ ಪಟ್ಟಿ. ಹಣ ಎಲ್ಲಿಂದ ಬರುತ್ತದೆ, ಯಾರು ಪಡೆಯುತ್ತಾರೆ, ರಸೀದಿ ಯಾರು ಬರೆಯುತ್ತಾರೆ, ಬ್ಯಾಂಕಿಗೆ ಯಾವಾಗ ಸೇರುತ್ತದೆ, ಸರಕು ಬಂದಾಗ ತೂಕ ಯಾರು ನೋಡುತ್ತಾರೆ, ಬಿಲ್ಲಿಗೆ ಮಂಜೂರಾತಿ ಯಾರದು ಎಂಬುದನ್ನು ಆಯಾ ಕೆಲಸ ಮಾಡುವವರನ್ನೇ ಕೇಳಿ ಕಾಗದದ ಮೇಲೆ ಬರೆಯತಕ್ಕದ್ದು. ಯಜಮಾನನು ತಿಳಿದಿರುವ ಕ್ರಮ ಬೇರೆ, ಗುಮಾಸ್ತನು ನಡೆಸುತ್ತಿರುವ ಕ್ರಮ ಬೇರೆ ಎಂಬುದು ಆಗ ಬೆಳಕಿಗೆ ಬರುವುದು ಸಾಮಾನ್ಯ.

ಜರ್ಮನಿಯ ಲಿಡ್ಲ್ ಎಂಬ ದಿನಸಿ ಅಂಗಡಿಗಳ ಸಂಸ್ಥೆಯು ಸರಕಿನ ನಿರ್ವಹಣೆಗಾಗಿ ಎಸ್‌ಎಪಿ ಸಂಸ್ಥೆಯ ತಂತ್ರಾಂಶವನ್ನು ಅಳವಡಿಸುವ ಯೋಜನೆಯನ್ನು ೨೦೧೧ರಲ್ಲಿ ಕೈಗೊಂಡಿತು. ಲಿಡ್ಲ್ ತನ್ನ ದಾಸ್ತಾನಿನ ಮೌಲ್ಯವನ್ನು ತಾನು ಕೊಂಡ ಬೆಲೆಯಲ್ಲಿ ಲೆಕ್ಕಹಾಕುತ್ತಿತ್ತು. ಆ ತಂತ್ರಾಂಶದ ಸಿದ್ಧ ಕ್ರಮವಾದರೋ ಮಾರುವ ಬೆಲೆಯನ್ನು ಆಧರಿಸಿತ್ತು. ಸಂಸ್ಥೆಯು ತನ್ನ ಪದ್ಧತಿಯನ್ನು ಬಿಡಲೊಪ್ಪದೆ ತಂತ್ರಾಂಶವನ್ನೇ ಮಾರ್ಪಡಿಸತೊಡಗಿತು. ಒಂದು ಮಾರ್ಪಾಡು ಇನ್ನೊಂದನ್ನು ಬೇಡಿತು. ಏಳು ವರ್ಷಗಳ ಬಳಿಕ, ೨೦೧೮ರಲ್ಲಿ, ಸುಮಾರು ೫೦ ಕೋಟಿ ಯೂರೋಗಳು ವೆಚ್ಚವಾಗಿದ್ದವೆಂದು ವರದಿಯಾದ ಆ ಯೋಜನೆಯನ್ನು ಕೈಬಿಡಲಾಯಿತು. ಕೊಂಡ ಬೆಲೆಯ ಲೆಕ್ಕವೂ ತಪ್ಪಲ್ಲ, ಮಾರುವ ಬೆಲೆಯ ಲೆಕ್ಕವೂ ತಪ್ಪಲ್ಲ. ತಂತ್ರಾಂಶವೂ ಕೆಟ್ಟದ್ದಾಗಿರಲಿಲ್ಲ, ಬೇರೆ ಸಾವಿರಾರು ಸಂಸ್ಥೆಗಳು ಅದನ್ನು ಬಳಸುತ್ತಿವೆ. ಎರಡಕ್ಕೂ ಹೊಂದಾಣಿಕೆ ಇಲ್ಲವೆಂಬ ಮೂಲಸಂಗತಿಯನ್ನು ಮೊದಲೇ ತೂಗಿ, ನಮ್ಮ ಪದ್ಧತಿಯನ್ನು ಬದಲಿಸುವೆವೋ ಅಥವಾ ಬೇರೆ ತಂತ್ರಾಂಶವನ್ನು ಹುಡುಕುವೆವೋ ಎಂಬ ನಿರ್ಧಾರಕ್ಕೆ ಬರಬೇಕಾಗಿತ್ತು.

ಆದಕಾರಣ ಪ್ರತಿಯೊಂದು ಸಂಸ್ಥೆಯೂ ತನ್ನ ಪದ್ಧತಿಗಳನ್ನು ಎರಡು ಭಾಗ ಮಾಡಿಕೊಳ್ಳಬೇಕು. ಬಿಡಲಾಗದವು ಕೆಲವು, ಬರಿಯ ರೂಢಿಯಿಂದ ಉಳಿದುಬಂದವು ಹಲವು. ದಾನಿಯೊಬ್ಬರು ಬಡ ವಿದ್ಯಾರ್ಥಿಗಳ ಊಟಕ್ಕೆಂದು ಕೊಟ್ಟ ನಿಧಿಯನ್ನು ಕಟ್ಟಡದ ನಿಧಿಯೊಡನೆ ಬೆರೆಸದೆ ಇಡುವುದು ಬಿಡಲಾಗದ ಪದ್ಧತಿ. ಅದನ್ನು ಪ್ರತ್ಯೇಕವಾಗಿ ತೋರಿಸಲಾರದ ತಂತ್ರಾಂಶ ಎಷ್ಟು ಅಗ್ಗವಾದರೂ ನಮಗೆ ಸಲ್ಲದು. ಒಂದೇ ರಸೀದಿಯನ್ನು ಮೂರು ಪುಸ್ತಕಗಳಲ್ಲಿ ನಕಲು ಮಾಡುವುದು ರೂಢಿಯಿಂದ ಉಳಿದ ಪದ್ಧತಿ. ಅದನ್ನು ತಂತ್ರಾಂಶಕ್ಕಾಗಿ ಬಿಟ್ಟುಕೊಡುವುದರಿಂದ ಲಾಭವೇ ಹೊರತು ನಷ್ಟವಿಲ್ಲ.

ಬೇಕಾದಷ್ಟನ್ನೇ ತರಬೇಕು

ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಪತಿಯನ್ನು ಹಿಂದಕ್ಕೆ ಕಳುಹಿಸಿದ ವೃತ್ತಾಂತವನ್ನು ನಮ್ಮ ಮಕ್ಕಳೂ ಬಲ್ಲರು. ತಂತ್ರಾಂಶದ ವಿಷಯದಲ್ಲಿಯೂ ಲಕ್ಕಮ್ಮನವರ ವಿವೇಕವೇ ದಾರಿದೀಪ. ಮಾರಾಟಗಾರನು ಐವತ್ತು ಸೌಲಭ್ಯಗಳನ್ನು ತೋರಿಸುವನು; ನಮ್ಮ ಕೆಲಸಕ್ಕೆ ಹತ್ತು ಸಾಕಾಗಬಹುದು. ಉಳಿದ ನಲವತ್ತಕ್ಕೂ ನಾವು ಹಣ ಕೊಡುತ್ತೇವೆ, ನಮ್ಮ ಗುಮಾಸ್ತರು ಅವುಗಳ ನಡುವೆ ದಾರಿ ಹುಡುಕಿ ಬಳಲುತ್ತಾರೆ.

ಸ್ಥೂಲವಾಗಿ ನಮ್ಮ ಮುಂದೆ ನಾಲ್ಕು ಮಾರ್ಗಗಳಿವೆ. ಮೊದಲನೆಯದು, ಸಿದ್ಧ ತಂತ್ರಾಂಶವನ್ನು ಕೊಂಡು ನಮ್ಮ ಯಂತ್ರದಲ್ಲಿಯೇ ಇರಿಸಿಕೊಳ್ಳುವುದು. ಎರಡನೆಯದು, ತಿಂಗಳ ಇಲ್ಲವೇ ವರ್ಷದ ಬಾಡಿಗೆ ಕೊಟ್ಟು, ಒದಗಿಸುವವರ ಯಂತ್ರಗಳಲ್ಲಿರುವ ತಂತ್ರಾಂಶವನ್ನು ಅಂತರಜಾಲದ ಮೂಲಕ ಬಳಸುವುದು. ಇದನ್ನು ಕ್ಲೌಡ್ ವ್ಯವಸ್ಥೆ ಎನ್ನುವರು. ಮೂರನೆಯದು, ನಮಗಾಗಿಯೇ ಹೊಸದಾಗಿ ಬರೆಯಿಸುವುದು. ನಾಲ್ಕನೆಯದು, ಮೂಲ ಬರಹವನ್ನು ಯಾರು ಬೇಕಾದರೂ ನೋಡಿ ತಿದ್ದಿಕೊಳ್ಳಬಹುದಾದ ಮುಕ್ತ ತಂತ್ರಾಂಶವನ್ನು ಬಳಸುವುದು. ಮುಂಬಯಿಯಲ್ಲಿ ರೂಪುಗೊಂಡ ಇಆರ್‌ಪಿನೆಕ್ಸ್ಟ್ ಇದಕ್ಕೆ ಉದಾಹರಣೆ. ಮೊದಲನೆಯದರಲ್ಲಿ ನಕಲು ಪ್ರತಿ ಇಡುವ, ಯಂತ್ರ ಕಾಯುವ ಹೊಣೆ ನಮ್ಮದು. ಎರಡನೆಯದರಲ್ಲಿ ಆ ಹೊಣೆ ತಗ್ಗುತ್ತದೆ. ಆದರೆ ಬಾಡಿಗೆ ನಿಲ್ಲುವುದಿಲ್ಲ, ಮಾಹಿತಿ ಪರರ ಮನೆಯಲ್ಲಿರುತ್ತದೆ. ಮೂರನೆಯದು ಮೈಗೆ ಅಳೆದು ಹೊಲಿಸಿದ ಅಂಗಿಯಂತೆ. ಹೊಲಿದವನು ಊರು ಬಿಟ್ಟರೆ ಹರಿದಾಗ ತೇಪೆ ಹಾಕುವವರಿಲ್ಲ. ನಾಲ್ಕನೆಯದರಲ್ಲಿ ಪರವಾನಗಿಯ ವೆಚ್ಚವಿಲ್ಲ. ಆದರೆ ಅಳವಡಿಸಿ ನಡೆಸಬಲ್ಲ ನಿಪುಣರಿಗೆ ವೇತನ ಕೊಡಲೇಬೇಕು.

ಬೆಲೆಯನ್ನು ಹೋಲಿಸುವಾಗ ಕೊಳ್ಳುವ ದಿನದ ಮೊತ್ತವನ್ನಷ್ಟೇ ನೋಡಬಾರದು. ಐದು ವರ್ಷಗಳ ಬಾಡಿಗೆ, ಹಳೆಯ ಲೆಕ್ಕವನ್ನು ಹೊಸದಕ್ಕೆ ಸಾಗಿಸುವ ವೆಚ್ಚ, ಸಿಬ್ಬಂದಿಯ ತರಬೇತಿ, ಕಾನೂನು ಬದಲಾದಾಗ ಮಾಡಬೇಕಾದ ತಿದ್ದುಪಡಿ ಇವೆಲ್ಲವನ್ನೂ ಕೂಡಿಸಿ ಹೋಲಿಸತಕ್ಕದ್ದು. ೨೦೧೭ರ ಜುಲೈ ೧ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ, ತಮ್ಮ ತಂತ್ರಾಂಶವನ್ನು ತಿದ್ದಿಕೊಡುವವರಿಲ್ಲದೆ ಪೇಚಾಡಿದ ವರ್ತಕರನ್ನು ನಾವೆಲ್ಲರೂ ಕಂಡಿದ್ದೇವೆ.

ಹಳೆಯ ಲೆಕ್ಕವನ್ನು ಸಾಗಿಸುವ ಬಗೆ

ಹೊಸ ಕಣಜಕ್ಕೆ ಹುಳು ಹಿಡಿದ ಕಾಳನ್ನು ತುಂಬಿದರೆ ಕಣಜದ ಹೊಸತನದಿಂದ ಫಲವೇನು? ಅಮೆರಿಕದ ಟಾರ್ಗೆಟ್ ಸಂಸ್ಥೆಯು ೨೦೧೩ರ ಮಾರ್ಚಿಯಲ್ಲಿ ಕೆನಡಾ ದೇಶದಲ್ಲಿ ಅಂಗಡಿಗಳನ್ನು ತೆರೆಯತೊಡಗಿತು. ಹೊಸ ದೇಶಕ್ಕೆಂದು ಹೊಸ ತಂತ್ರಾಂಶವನ್ನು ಅಳವಡಿಸಿ, ಸಾವಿರಾರು ಸರಕುಗಳ ವಿವರಗಳನ್ನು ಅವಸರದಲ್ಲಿ ತುಂಬಿಸಲಾಯಿತು. ಸೆಂಟಿಮೀಟರಿನಲ್ಲಿ ಇರಬೇಕಾದ ಅಳತೆ ಅಂಗುಲದಲ್ಲಿ ಬಿದ್ದಿತು. ಉದ್ದವಿರಬೇಕಾದಲ್ಲಿ ಅಗಲ ಬಿದ್ದಿತು. ಪರಿಣಾಮವಾಗಿ ಉಗ್ರಾಣಗಳು ತುಂಬಿ ತುಳುಕುತ್ತಿದ್ದಾಗಲೂ ಅಂಗಡಿಗಳ ಕಪಾಟುಗಳು ಬರಿದಾಗಿದ್ದವು. ಇತರ ಕಾರಣಗಳೂ ಇದರೊಡನೆ ಕೂಡಿಕೊಂಡು, ೨೦೧೫ರ ಜನವರಿಯಲ್ಲಿ ಸಂಸ್ಥೆಯು ಆ ದೇಶದ ತನ್ನ ೧೩೩ ಅಂಗಡಿಗಳನ್ನೂ ಮುಚ್ಚುವುದಾಗಿ ಪ್ರಕಟಿಸಿತು. ೧೭,೦೦೦ಕ್ಕೂ ಹೆಚ್ಚು ಮಂದಿ ನೌಕರರು ಕೆಲಸ ಕಳೆದುಕೊಂಡರು.

ಇದಕ್ಕೆ ಪ್ರತಿಯಾಗಿ ನಮ್ಮ ರಾಜ್ಯದ ‘ಭೂಮಿ’ ಯೋಜನೆಯನ್ನು ಪರಿಶೀಲಿಸಬಹುದು. ಇದು ವ್ಯಾಪಾರದ ತಂತ್ರಾಂಶವಲ್ಲವಾದರೂ ಹಳೆಯ ದಾಖಲೆಯನ್ನು ಹೊಸ ವ್ಯವಸ್ಥೆಗೆ ಸಾಗಿಸಿದ ದೊಡ್ಡ ನಿದರ್ಶನವಾಗಿದೆ. ಸುಮಾರು ೯,೦೦೦ ಮಂದಿ ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ, ೬೭ ಲಕ್ಷ ರೈತರಿಗೆ ಸೇರಿದ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಸೇರಿಸಲಾಯಿತು. ತುಂಬಿಸಿದ ಬಳಿಕ ಅಚ್ಚು ಪ್ರತಿಗಳನ್ನು ತೆಗೆದು, ಮೂಲ ಬರೆದ ಗ್ರಾಮ ಲೆಕ್ಕಿಗರಿಂದಲೇ ತಾಳೆ ನೋಡಿಸಲಾಯಿತು. ತಾಲ್ಲೂಕಿನ ಕೆಲಸ ಪೂರ್ತಿಯಾದ ಮೇಲೆ ಕೈಬರಹದ ಪಹಣಿಯ ಮಾನ್ಯತೆಯನ್ನು ರದ್ದುಪಡಿಸಲಾಯಿತು. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಒತ್ತಿಯೇ ಒಳಹೋಗಬೇಕೆಂಬ ಏರ್ಪಾಡಿದ್ದುದರಿಂದ, ಯಾವ ಬದಲಾವಣೆ ಯಾರಿಂದ ಆಯಿತೆಂಬುದು ಉಳಿಯುತ್ತಿತ್ತು. ಇಷ್ಟಾದರೂ ಮೂಲದಲ್ಲಿದ್ದ ತಪ್ಪುಗಳು ಹೊಸ ಪಹಣಿಗೂ ಬಂದು, ತಿದ್ದುಪಡಿಗಾಗಿ ರೈತರು ಅರ್ಜಿ ಹಿಡಿದು ತಿರುಗಿದ ಪ್ರಸಂಗಗಳು ಕಡಿಮೆಯಲ್ಲ. ಅಷ್ಟು ಎಚ್ಚರಿಕೆಯ ನಡುವೆಯೂ ಹೀಗಾದರೆ, ಎಚ್ಚರಿಕೆಯೇ ಇಲ್ಲದ ಕಡೆ ಏನಾದೀತೆಂಬುದನ್ನು ಊಹಿಸಬಹುದು. ಹಳೆಯ ಬಾಕಿಗಳನ್ನು, ಹೆಸರುಗಳನ್ನು, ದಾಸ್ತಾನನ್ನು ಸರಿಪಡಿಸಿಕೊಂಡ ಮೇಲೆಯೇ ಸಾಗಿಸಬೇಕು; ಸಾಗಿಸಿದ ಮೇಲೆ ಮೂಲ ಬಲ್ಲವರೇ ತಾಳೆ ನೋಡಬೇಕು.

ಕಾಲದ ಆಯ್ಕೆಯೂ ಆಯ್ಕೆಯೇ

ಯಾವ ದಿನ ಬದಲಾಯಿಸಬೇಕೆಂಬುದೂ ಮುಖ್ಯ. ಅಮೆರಿಕದ ಹರ್ಷೀ ಎಂಬ ಮಿಠಾಯಿ ಕಂಪನಿಯು ಸುಮಾರು ೧೧ ಕೋಟಿ ೨೦ ಲಕ್ಷ ಡಾಲರುಗಳ ವೆಚ್ಚದಲ್ಲಿ ಮೂರು ಹೊಸ ತಂತ್ರಾಂಶಗಳನ್ನು ಒಟ್ಟಿಗೆ ತಂದಿತು. ನಾಲ್ಕು ವರ್ಷಗಳ ಕೆಲಸವನ್ನು ಎರಡೂವರೆ ವರ್ಷಗಳಲ್ಲಿ ಮುಗಿಸಬೇಕೆಂದು ಆತುರಪಟ್ಟು, ೧೯೯೯ರ ಜುಲೈ ತಿಂಗಳಲ್ಲಿ ಎಲ್ಲವನ್ನೂ ಒಮ್ಮೆಗೇ ಚಾಲನೆಗೊಳಿಸಿತು. ಅಲ್ಲಿನ ಮಿಠಾಯಿ ವ್ಯಾಪಾರಕ್ಕೆ ಶರತ್ಕಾಲದ ಹಬ್ಬವೇ ಸುಗ್ಗಿ. ಅದರ ಬೇಡಿಕೆಗಳು ಬರತೊಡಗಿದ್ದೂ ಆಗಲೇ. ಉಗ್ರಾಣದಲ್ಲಿ ಮಿಠಾಯಿ ಇದ್ದಿತು, ಅಂಗಡಿಗಳಿಂದ ಬೇಡಿಕೆಯೂ ಇದ್ದಿತು. ಎರಡನ್ನೂ ಕೂಡಿಸಬೇಕಾದ ವ್ಯವಸ್ಥೆ ಮಾತ್ರ ತಡವರಿಸಿತು. ಸುಮಾರು ೧೦ ಕೋಟಿ ಡಾಲರುಗಳ ಬೇಡಿಕೆ ಪೂರೈಕೆಯಾಗದೆ ಉಳಿದು, ಆ ತ್ರೈಮಾಸಿಕದ ಲಾಭ ನೂರಕ್ಕೆ ೧೯ರಷ್ಟು ಕುಸಿಯಿತು.

ಬಟ್ಟೆ ವ್ಯಾಪಾರಿಗಳು ದೀಪಾವಳಿಯ ಮುನ್ನಾ ವಾರ, ಶಾಲೆಯವರು ಪ್ರವೇಶದ ಜೂನ್ ತಿಂಗಳಿನಲ್ಲಿ, ಲೆಕ್ಕಿಗರು ಮಾರ್ಚಿಯ ಕೊನೆಯಲ್ಲಿ ಹೊಸ ವ್ಯವಸ್ಥೆಗೆ ಕೈಹಚ್ಚಬಾರದೆಂಬುದು ಇದರ ಪಾಠ. ಮೊದಲು ಒಂದು ವಿಭಾಗದಲ್ಲಿ ಪ್ರಯೋಗಿಸಿ, ಕನಿಷ್ಠ ಒಂದೆರಡು ತಿಂಗಳು ಹಳೆಯದನ್ನೂ ಹೊಸದನ್ನೂ ಜೊತೆಯಲ್ಲಿ ನಡೆಸಿ, ಎರಡರ ಮೊತ್ತಗಳೂ ಹೊಂದಿದ ಮೇಲೆಯೇ ಹಳೆಯದಕ್ಕೆ ಬೀಗ ಹಾಕುವುದು ಕ್ಷೇಮ. ಈ ಅವಧಿಯಲ್ಲಿ ಸಿಬ್ಬಂದಿಗೆ ಇಮ್ಮಡಿ ದುಡಿಮೆಯಾಗುವುದೆಂಬುದನ್ನು ಆಡಳಿತದವರು ಮರೆಯದೆ ಸಹಾಯ ಒದಗಿಸಬೇಕು.

ಪ್ರಶ್ನಿಸಲಾಗದ ಲೆಕ್ಕ

ಇದುವರೆಗೆ ಹೇಳಿದ ಹಾನಿಗಳು ಬಹುಮಟ್ಟಿಗೆ ಹಣದ ಹಾನಿಗಳು. ಹಣವನ್ನು ಮತ್ತೆ ಗಳಿಸಬಹುದು. ಈಗ ಹೇಳಲಿರುವ ಪ್ರಸಂಗದಲ್ಲಿ ಹೋದದ್ದು ಮಾನ.

ಬ್ರಿಟನ್ನಿನಲ್ಲಿ ಊರೂರಿನ ಅಂಚೆ ಶಾಖೆಗಳನ್ನು ಬಹುಮಟ್ಟಿಗೆ ಒಪ್ಪಂದದ ಮೇಲೆ ಖಾಸಗಿ ಜನರು ನಡೆಸುತ್ತಾರೆ. ಅವರಲ್ಲಿ ಅನೇಕರು ಭಾರತೀಯ ಮೂಲದ ಅಂಗಡಿಕಾರರು. ೧೯೯೯ರಿಂದ ಮೊದಲುಗೊಂಡು ಅಲ್ಲಿನ ಅಂಚೆ ಸಂಸ್ಥೆಯು ‘ಹೊರೈಜನ್’ ಎಂಬ ತಂತ್ರಾಂಶವನ್ನು ಎಲ್ಲ ಶಾಖೆಗಳಲ್ಲಿಯೂ ಅಳವಡಿಸಿತು. ಅದನ್ನು ಒದಗಿಸಿದುದು ಜಪಾನಿನ ಫುಜಿತ್ಸು ಸಮೂಹಕ್ಕೆ ಸೇರಿದ ಸಂಸ್ಥೆ. ದಿನದ ಕೊನೆಯಲ್ಲಿ ಪೆಟ್ಟಿಗೆಯಲ್ಲಿರುವ ಹಣಕ್ಕೂ ಪರದೆಯ ಮೇಲಿನ ಮೊತ್ತಕ್ಕೂ ಹೊಂದದಿರುವುದು ಕೆಲವು ಶಾಖೆಗಳಲ್ಲಿ ಕಾಣತೊಡಗಿತು. ಒಂದೇ ರವಾನೆ ಹಲವು ಬಾರಿ ದಾಖಲಾಗುವಂತಹ ದೋಷಗಳು ತಂತ್ರಾಂಶದಲ್ಲಿ ಇದ್ದವು. ಶಾಖೆಯವರು ಸಹಾಯವಾಣಿಗೆ ದೂರು ಹೇಳಿದರೆ, ಇಂತಹ ತೊಂದರೆ ನಿಮ್ಮೊಬ್ಬರಿಗೇ ಎಂಬ ಉತ್ತರ ಹಲವರಿಗೆ ದೊರೆಯಿತು. ಕೊರತೆಯನ್ನು ಸ್ವಂತ ಕೈಯಿಂದ ತುಂಬಬೇಕೆಂದು ಒತ್ತಾಯಿಸಲಾಯಿತು. ಉಳಿತಾಯವನ್ನು ಸುರಿದವರಿದ್ದರು, ಮನೆ ಕಳೆದುಕೊಂಡವರಿದ್ದರು. ೧೯೯೯ರಿಂದ ೨೦೧೫ರವರೆಗಿನ ಅವಧಿಯಲ್ಲಿ ೯೦೦ಕ್ಕೂ ಹೆಚ್ಚು ಮಂದಿ ಕಳ್ಳತನ, ಸುಳ್ಳು ಲೆಕ್ಕ ಮುಂತಾದ ಅಪರಾಧಗಳಿಗಾಗಿ ಶಿಕ್ಷೆಗೊಳಗಾದರು. ಸರ್ರೆ ಪ್ರಾಂತದಲ್ಲಿ ಶಾಖೆ ನಡೆಸುತ್ತಿದ್ದ ಭಾರತೀಯ ಮೂಲದ ಮಹಿಳೆಯೊಬ್ಬರು ೨೦೧೦ರಲ್ಲಿ ಗರ್ಭಿಣಿಯಾಗಿದ್ದಾಗಲೇ ಸೆರೆಮನೆ ಸೇರಬೇಕಾಯಿತು.

ಇದು ಹೇಗೆ ಸಾಧ್ಯವಾಯಿತು? ಶಾಖೆಯವರಿಗೆ ಪರದೆಯ ಮೇಲೆ ಕಾಣುತ್ತಿದ್ದುದು ಅಂತಿಮ ಮೊತ್ತ ಮತ್ತು ಸೀಮಿತ ವಿವರ ಮಾತ್ರ. ಆ ಮೊತ್ತ ಹೇಗೆ ಬಂದಿತೆಂದು ಬೇರಿನವರೆಗೆ ಹೋಗಿ ನೋಡುವ ಸಾಧನ ಅವರಲ್ಲಿರಲಿಲ್ಲ. ಒದಗಿಸಿದ ಸಂಸ್ಥೆಯ ತಂತ್ರಜ್ಞರು ಶಾಖೆಯವರ ಅರಿವಿಗೆ ಬಾರದಂತೆ ದೂರದಿಂದಲೇ ಲೆಕ್ಕವನ್ನು ಬದಲಿಸಬಹುದಾಗಿತ್ತು. ಹಾಗೆ ಸಾಧ್ಯವಿಲ್ಲವೆಂದು ಅಂಚೆ ಸಂಸ್ಥೆ ಬಹುಕಾಲ ಹೇಳುತ್ತ ಬಂದಿತು. ನ್ಯಾಯಾಲಯದಲ್ಲಿಯೂ ಗಣಕಯಂತ್ರ ಸರಿಯಾಗಿ ಕೆಲಸ ಮಾಡುತ್ತಿತ್ತೆಂಬುದೇ ಆರಂಭದ ಊಹೆಯಾಗಿದ್ದಿತು; ತಪ್ಪೆಂದು ತೋರಿಸುವ ಭಾರ ಆರೋಪಿಯ ಮೇಲೆ ಬಿದ್ದಿತು. ಭಂಡಾರದ ಬೀಗದ ಕೈ ದೂರು ಕೊಟ್ಟವರ ಬಳಿಯಲ್ಲಿಯೇ ಇದ್ದಿತು.

ಅಲನ್ ಬೇಟ್ಸ್ ಎಂಬ ಮಾಜಿ ಶಾಖಾಧಿಕಾರಿಯ ಮುಂದಾಳುತನದಲ್ಲಿ ೫೫೫ ಮಂದಿ ಒಟ್ಟುಗೂಡಿ ಹೂಡಿದ ದಾವೆಯಲ್ಲಿ, ೨೦೧೯ರ ಡಿಸೆಂಬರ್ ತಿಂಗಳಲ್ಲಿ ಅಲ್ಲಿನ ಹೈಕೋರ್ಟು ತಂತ್ರಾಂಶದಲ್ಲಿ ದೋಷಗಳಿದ್ದವೆಂದು ತೀರ್ಪಿತ್ತಿತು. ೨೦೨೧ರ ಏಪ್ರಿಲ್ ತಿಂಗಳಲ್ಲಿ ೩೯ ಮಂದಿಯ ಶಿಕ್ಷೆಯನ್ನು ಮೇಲ್ಮನವಿ ನ್ಯಾಯಾಲಯ ರದ್ದುಪಡಿಸಿತು. ಉಳಿದ ನೂರಾರು ಮಂದಿಯ ಶಿಕ್ಷೆಗಳನ್ನು ೨೦೨೪ರಲ್ಲಿ ಸಂಸತ್ತು ವಿಶೇಷ ಶಾಸನದ ಮೂಲಕವೇ ಅಳಿಸಬೇಕಾಯಿತು. ಅಷ್ಟರಲ್ಲಿ ಕೆಲವರು ತೀರಿಕೊಂಡಿದ್ದರು. ಕಳ್ಳರೆಂಬ ಹೆಸರು ಹೊತ್ತೇ ಅವರು ಹೋಗಿದ್ದರು.

ಈ ಪ್ರಸಂಗ ನಮಗೆ ದೂರದ್ದಲ್ಲ. ನಮ್ಮ ಶಾಲೆಗಳಲ್ಲಿ, ಸಂಘಗಳಲ್ಲಿ, ಅಂಗಡಿಗಳಲ್ಲಿ ಅಲ್ಪ ವೇತನಕ್ಕೆ ಲೆಕ್ಕ ಬರೆಯುವ ಗುಮಾಸ್ತನೊಬ್ಬನಿರುತ್ತಾನೆ. ಪರದೆಯ ಮೊತ್ತಕ್ಕೂ ಪೆಟ್ಟಿಗೆಯ ಹಣಕ್ಕೂ ಐದು ಸಾವಿರ ರೂಪಾಯಿಗಳ ಅಂತರ ಬಂದ ದಿನ ನಾವು ಯಾರನ್ನು ನಂಬುತ್ತೇವೆ? ಯಂತ್ರಕ್ಕೆ ಆಸೆಯಿಲ್ಲ, ಆದ್ದರಿಂದ ಯಂತ್ರ ಸುಳ್ಳು ಹೇಳದೆಂದು ಭಾವಿಸುವುದು ಸುಲಭ. ಯಂತ್ರಕ್ಕೆ ಆಸೆಯಿಲ್ಲವೆಂಬುದು ನಿಜ. ಯಂತ್ರ ತಪ್ಪದೆಂಬುದು ನಿಜವಲ್ಲ. ಹಾಗೆಯೇ, ಗುಮಾಸ್ತನು ತಪ್ಪು ಮಾಡಿದ್ದರೆ ಅದೂ ನಿಖರವಾಗಿ ತಿಳಿಯಬೇಕು. ಎರಡಕ್ಕೂ ಬೇಕಾದುದು ಒಂದೇ: ಪ್ರತಿಯೊಂದು ಮೊತ್ತವನ್ನೂ ಅದರ ಮೂಲ ರಸೀದಿಯವರೆಗೆ ಹಿಂಬಾಲಿಸಿ ನೋಡುವ ದಾರಿ.

ಮಸಿಯ ಪುಸ್ತಕದ ಅಡ್ಡಗೆರೆಯನ್ನು ಇಲ್ಲಿ ನೆನೆಯಬೇಕು. ತಂತ್ರಾಂಶದಲ್ಲಿ ಆ ಕೆಲಸವನ್ನು ಮಾಡುವುದು ತಿದ್ದುಪಡಿಯ ದಾಖಲೆ. ಯಾರು, ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಅಂಕಿಯನ್ನು ಯಾವುದಕ್ಕೆ ಬದಲಿಸಿದರೆಂಬುದನ್ನು ಅದು ತಾನಾಗಿಯೇ ಬರೆದಿಡುತ್ತದೆ. ಭಾರತದಲ್ಲಿ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಇಂತಹ ದಾಖಲೆ ಇರಲೇಬೇಕು, ಅದನ್ನು ಆರಿಸಿಡುವ ಅವಕಾಶ ಇರಬಾರದು ಎಂಬ ನಿಯಮ ೨೦೨೩ರ ಏಪ್ರಿಲ್ ೧ರಿಂದ ಜಾರಿಯಲ್ಲಿದೆ. ಈ ನಿಯಮದ ವ್ಯಾಪ್ತಿಗೆ ಬಾರದ ವಿದ್ಯಾಸಂಸ್ಥೆಗಳೂ ವಿಶ್ವಸ್ತ ಮಂಡಳಿಗಳೂ ಇದನ್ನು ತಾವಾಗಿಯೇ ಪಾಲಿಸುವುದು ಶ್ರೇಯಸ್ಕರ. ಈ ಸೌಲಭ್ಯವಿಲ್ಲದ ತಂತ್ರಾಂಶ ಬಳಪದಿಂದ ಬರೆದ ಕಡತವೇ ಸರಿ, ಒರಸಿದುದು ಕಾಣದು.

ಕೇಳಬೇಕಾದ ಪ್ರಶ್ನೆಗಳು

ಮೇಲಿನ ವಿವೇಚನೆಯಿಂದ ಮಾರಾಟಗಾರನ ಮುಂದಿಡಬೇಕಾದ ಕೆಲವು ಪ್ರಶ್ನೆಗಳು ಸಹಜವಾಗಿಯೇ ಮೂಡುತ್ತವೆ.

ಒಂದು: ನಮ್ಮ ಬಿಡಲಾಗದ ಪದ್ಧತಿಗಳನ್ನು ಈ ತಂತ್ರಾಂಶ ಮಾರ್ಪಾಡಿಲ್ಲದೆ ನಡೆಸಬಲ್ಲುದೇ? ಮಾತಿನಿಂದ ಹೇಳಿದರೆ ಸಾಲದು. ನಮ್ಮದೇ ಒಂದು ತಿಂಗಳ ರಸೀದಿ ಬಿಲ್ಲುಗಳನ್ನು ಕೊಟ್ಟು, ನಮ್ಮ ಗುಮಾಸ್ತರ ಕೈಯಿಂದಲೇ ನಡೆಸಿ ತೋರಿಸಬೇಕು.

ಎರಡು: ಐದು ವರ್ಷಗಳ ಒಟ್ಟು ವೆಚ್ಚವೆಷ್ಟು? ಬಾಡಿಗೆ ಏರುವುದಾದರೆ ಎಷ್ಟರವರೆಗೆ?

ಮೂರು: ನಾಳೆ ನಾವು ಇದನ್ನು ಬಿಟ್ಟರೆ ನಮ್ಮ ಲೆಕ್ಕವೆಲ್ಲ ಬೇರೆ ತಂತ್ರಾಂಶ ಓದಬಲ್ಲ ರೂಪದಲ್ಲಿ ನಮ್ಮ ಕೈಗೆ ಬರುವುದೇ? ಬರುವುದೆಂಬುದನ್ನು ಕರಾರಿನಲ್ಲಿ ಬರೆದುಕೊಡುವರೇ? ಒಳಹೋಗುವ ಮುನ್ನ ಹೊರಬರುವ ಬಾಗಿಲನ್ನು ನೋಡಿಕೊಳ್ಳಬೇಕು.

ನಾಲ್ಕು: ನಕಲು ಪ್ರತಿಯನ್ನು ಎಲ್ಲಿ, ಎಷ್ಟು ದಿನಗಳಿಗೊಮ್ಮೆ ಇಡಲಾಗುತ್ತದೆ? ಅದರಿಂದ ಲೆಕ್ಕವನ್ನು ಮರಳಿ ಪಡೆದು ತೋರಿಸಬಲ್ಲರೇ? ವಿದ್ಯಾರ್ಥಿಗಳ, ದಾನಿಗಳ ವೈಯಕ್ತಿಕ ವಿವರಗಳನ್ನು ಕಾಪಾಡುವ ಬಗೆ ಏನು? ೨೦೨೩ರಲ್ಲಿ ನಮ್ಮ ಸಂಸತ್ತು ಇದಕ್ಕಾಗಿಯೇ ಒಂದು ಕಾಯಿದೆಯನ್ನು ಮಾಡಿದೆಯೆಂಬುದನ್ನು ನೆನಪಿಡಬೇಕು.

ಐದು: ತಿದ್ದುಪಡಿಯ ದಾಖಲೆ ಇದೆಯೇ? ಒದಗಿಸುವವರ ತಂತ್ರಜ್ಞರು ನಮ್ಮ ಲೆಕ್ಕವನ್ನು ಮುಟ್ಟಿದರೆ ಅದೂ ಆ ದಾಖಲೆಯಲ್ಲಿ ಕಾಣುವುದೇ?

ಆರು: ಕನ್ನಡದಲ್ಲಿ ಹೆಸರು ವಿವರಗಳನ್ನು ಬರೆಯಲು, ರಸೀದಿ ಮುದ್ರಿಸಲು ಅವಕಾಶವಿದೆಯೇ? ತೊಂದರೆ ಬಂದಾಗ ನಮ್ಮ ಗುಮಾಸ್ತನಿಗೆ ಅರ್ಥವಾಗುವ ಭಾಷೆಯಲ್ಲಿ ಉತ್ತರ ಕೊಡುವವರಿದ್ದಾರೆಯೇ?

ಇವುಗಳಲ್ಲಿ ಐದನೆಯದಕ್ಕೆ ತೃಪ್ತಿಕರವಾದ ಉತ್ತರ ದೊರೆಯದಿದ್ದರೆ ಉಳಿದ ಐದರ ಉತ್ತರವನ್ನು ಕೇಳುವ ಅಗತ್ಯವಿಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಇನ್ನೊಂದು ಪ್ರಶ್ನೆ ಮಾರಾಟಗಾರನಿಗಲ್ಲ, ನಮಗೆ ನಾವೇ ಹಾಕಿಕೊಳ್ಳಬೇಕಾದುದು. ಆಯ್ಕೆಯ ಸಭೆಯಲ್ಲಿ ದಿನವೂ ಆ ತಂತ್ರಾಂಶದ ಮುಂದೆ ಕುಳಿತುಕೊಳ್ಳುವವನು ಇದ್ದಾನೆಯೇ? ಆಡಳಿತ ಮಂಡಳಿಯವರೂ ಲೆಕ್ಕ ಪರಿಶೋಧಕರೂ ಸೇರಿ ತೀರ್ಮಾನಿಸಿ, ಗುಮಾಸ್ತನಿಗೆ ಆಜ್ಞೆ ಕಳುಹಿಸುವುದು ಸಾಮಾನ್ಯ ರೂಢಿ. ಶರಣರು ಅನುಭವ ಮಂಟಪದಲ್ಲಿ ಕಾಯಕಗಳ ನಡುವೆ ಮೇಲು ಕೀಳುಗಳನ್ನು ಎಣಿಸಲಿಲ್ಲ. ಅವರ ಹೆಸರು ಹೇಳಿ ನಡೆಯುವ ಸಂಸ್ಥೆಗಳಲ್ಲಾದರೂ ಲೆಕ್ಕದ ಕಾಯಕದವನ ಮಾತಿಗೆ ಆ ಸಭೆಯಲ್ಲಿ ಸ್ಥಾನವಿರಬೇಕು.

ದಾಸೋಹಕ್ಕೆಂದು ಬಂದ ಒಂದೊಂದು ರೂಪಾಯಿಯ ಹಿಂದೆಯೂ ಯಾರದೋ ಬೆವರಿದೆ. ಕೊಟ್ಟವರು ನಾಳೆ ಬಂದು ಕೇಳಿದರೆ ಲೆಕ್ಕವನ್ನು ತೆರೆದು ತೋರಿಸುವಂತಿರಬೇಕು. ಬರೆದವನ ಮೇಲೆ ದೂರು ಬಂದರೆ ಅವನೂ ಅದನ್ನೇ ತೆರೆದು ತನ್ನ ಸತ್ಯವನ್ನು ತೋರಿಸುವಂತಿರಬೇಕು. ಈ ಎರಡನ್ನೂ ಸಾಧ್ಯವಾಗಿಸುವ ತಂತ್ರಾಂಶವನ್ನು ಆರಿಸುವ ವಿವೇಕ ನಮ್ಮ ಸಂಸ್ಥೆಗೂ, ಇದರ ಮಡಿಲಲ್ಲಿ ಬೆಳೆದು ನಾನಾ ಉದ್ಯೋಗಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೂ ಸದಾ ಇರಲೆಂದು ಹಾರೈಸುತ್ತೇವೆ.